ಸೈಟ್ ಸಿಕ್ಕಿ ವರ್ಷಗಳಾದ್ರೂ ಮನೆ ಯಾಕೆ ಏಳಲ್ಲ? ಊರಂಚಲ್ಲಿ ಒಂದು ಲೇಔಟ್ ಹುಟ್ಟೋ ಕಥೆ

ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸೈಟ್ ಸಿಕ್ತು ಅಂದ್ರೆ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಈಗ್ಲೂ ಅದೊಂದು ದೊಡ್ಡ ಸುದ್ದಿ. ದೇವಸ್ಥಾನಕ್ಕೆ ಹೋಗಿ ಬರ್ತಾರೆ, ನೆಂಟರಿಗೆಲ್ಲ ಫೋನ್ ಮಾಡ್ತಾರೆ. ಆದ್ರೆ ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಇರೋ ನಾಡಪ್ರಭು ಕೆಂಪೇಗೌಡ ಲೇಔಟಲ್ಲಿ 2016ರಲ್ಲಿ ಸೈಟ್ ಸಿಕ್ಕವರು, ಅದಾದ್ಮೇಲೆ 2018ರಲ್ಲಿ ಎರಡನೇ ಸುತ್ತಲ್ಲಿ ಸಿಕ್ಕವರು, ವರ್ಷಗಟ್ಟಲೆ ಕಾಯ್ದಿದ್ದಾರೆ. ದುಡ್ಡು ಕಟ್ಟಾಯ್ತು, ಕೈಯಲ್ಲಿ ಸೈಟ್ ನಂಬರ್ ಇದೆ, ಆದ್ರೆ ಮನೆ ಕಟ್ಟೋಣ ಅಂದ್ರೆ ರೋಡಿಲ್ಲ, ರೋಡಿದ್ರೆ ನೀರಿಲ್ಲ, ನೀರು ಹೇಗೋ ಹೊಂದಿಸ್ಕೋತೀವಿ ಅಂದ್ರೆ ಕೊಳಚೆ ನೀರು ಎಲ್ಲಿಗೆ ಬಿಡೋದು ಅನ್ನೋ ಪ್ರಶ್ನೆ. ಅದೇ ಲೇಔಟಿನ ಪಕ್ಕದಲ್ಲಿ, ಯಾವ ಪ್ಲಾನೂ ಇಲ್ದೆ ಹುಟ್ಕೊಂಡ ರೆವಿನ್ಯೂ ಲೇಔಟುಗಳಲ್ಲಿ ಮಾತ್ರ ಮೂರು ಮೂರು ಫ್ಲೋರ್ ಮನೆಗಳು ಎದ್ದು ಬಾಡಿಗೆಗೂ ಹೋಗ್ತಿರ್ತವೆ.

ಇದನ್ನ ನೋಡಿದವರೆಲ್ಲ ಭ್ರಷ್ಟಾಚಾರ, ಸೋಮಾರಿತನ ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ಅದೂ ಇರಬಹುದು, ಆದ್ರೆ ಅಷ್ಟೇ ಆಗಿದ್ರೆ ಅರ್ಥ ಮಾಡ್ಕೊಳ್ಳೋಕೆ ಏನೂ ಇರ್ತಿರ್ಲಿಲ್ಲ. ನನಗೆ ಕಾಣೋ ಹಾಗೆ ಮೂಲ ತೊಂದರೆ ಇರೋದು ಇಲ್ಲಿ: ಜಮೀನು ಸಿಗೋದು ತುಂಡು ತುಂಡಾಗಿ, ರೋಡು ಮತ್ತು ಪೈಪಿಗೆ ಬೇಕಾಗಿರೋದು ಮಾತ್ರ ಒಂದೇ ಸಮನೆ ಸೇರ್ಕೊಂಡಿರೋ ಜಾಗ. ಇದೊಂದು ತಲೇಲಿ ಇಟ್ಕೊಂಡ್ರೆ ಊರಂಚಲ್ಲಿ ನಡೆಯೋ ಅರ್ಧ ವಿಷಯ ಅರ್ಥ ಆಗುತ್ತೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಂಗಳೂರಿಗೆ ಹೊಸ ಬಡಾವಣೆ ಅನ್ನೋದು ಹೊಸದೇನಲ್ಲ. 1898ರ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸಾಯೋಕೆ ಶುರುವಾದ ಹೊತ್ತಲ್ಲೇ ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದು. 1945ರಲ್ಲಿ ಬಡಾವಣೆ ಮಾಡೋಕೆ ಸಿಐಟಿಬಿ ಅಂತ ಒಂದು ಮಂಡಳಿ ಬಂತು, 1948ರಲ್ಲಿ ಜಯನಗರ ಶುರುವಾಯ್ತು, 1976ರಲ್ಲಿ ಸಿಐಟಿಬಿ ಹೋಗಿ ಅದರ ಜಾಗಕ್ಕೆ ಬಿಡಿಎ ಬಂತು. ಆಗೆಲ್ಲ ಊರ ಹೊರಗೆ ಜಮೀನಿಗೆ ಇಷ್ಟು ಬೆಲೆ ಇರ್ಲಿಲ್ಲ, ಕೋರ್ಟಿಗೆ ಹೋಗಿ ಸ್ಟೇ ತರೋಷ್ಟು ಶಕ್ತಿ ಇರೋ ರೈತರೂ ಕಮ್ಮಿ. ಆ ರೈತರಿಗೆ ಎಕರೆಗೆ ಸಿಕ್ಕಿದ ಪುಡಿಗಾಸನ್ನ ನೆನೆಸ್ಕೊಂಡ್ರೆ ಇವತ್ತಿನ ಜಯನಗರದ ಅಗಲ ರಸ್ತೆಗಳ ಹಿಂದೆ ಯಾರ ತ್ಯಾಗ ಇದೆ ಅಂತ ಗೊತ್ತಾಗುತ್ತೆ.

ಈಗ ಕೆಂಪೇಗೌಡ ಲೇಔಟ್ ವಿಷಯ. 2008ರ ಮೇ ತಿಂಗಳಲ್ಲಿ ಪ್ರಿಲಿಮಿನರಿ ನೋಟಿಫಿಕೇಶನ್ ಬಂತು, 12 ಹಳ್ಳಿ, 4,814 ಎಕರೆ. ಕೊಮ್ಮಘಟ್ಟ, ಸೂಲಿಕೆರೆ, ಭೀಮನಕುಪ್ಪೆ, ಕನ್ನಳ್ಳಿ, ಚಲ್ಲಘಟ್ಟ, ಮಂಗನಹಳ್ಳಿ, ಹೀಗೆ. ಬಿಡಿಎ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ಇದು ಮೊದಲನೇ ಹೆಜ್ಜೆ, ಅಂದ್ರೆ 'ಈ ಸರ್ವೆ ನಂಬರುಗಳು ನಮಗೆ ಬೇಕು, ತಕರಾರು ಇದ್ರೆ ಹೇಳಿ' ಅಂತ ನೋಟಿಸ್ ಕೊಡೋದು. ಆಮೇಲೆ ತಕರಾರು ಅರ್ಜಿಗಳನ್ನ ಕೇಳಿ, ಸರ್ಕಾರದ ಒಪ್ಪಿಗೆ ತಗೊಂಡು, ಸೆಕ್ಷನ್ 19ರ ಕೆಳಗೆ ಫೈನಲ್ ನೋಟಿಫಿಕೇಶನ್. ಅದು ಬಂದಿದ್ದು 2010ರ ಫೆಬ್ರವರಿಯಲ್ಲಿ, ಅಷ್ಟೊತ್ತಿಗೆ 4,814 ಎಕರೆ ಇದ್ದಿದ್ದು 4,043 ಎಕರೆ ಆಗಿತ್ತು. ನಡುವೆ ಸುಮಾರು 770 ಎಕರೆ ಬಿಟ್ಟು ಹೋಯ್ತು.

ಬಿಟ್ಟು ಹೋಗೋದು ಒಂದು ಕಡೆಯ ಅಂಚಲ್ಲಿ ನೀಟಾಗಿ ಬಿಟ್ಟು ಹೋದ್ರೆ ಏನೂ ತೊಂದರೆ ಇಲ್ಲ. ಆದ್ರೆ ಹಾಗಾಗಲ್ಲ. ಇಲ್ಲೊಂದು ತೋಟದ ಮನೆ, ಅಲ್ಲೊಂದು ನರ್ಸರಿ, ಅಲ್ಲೊಂದು ಶಾಲೆ, ಆಗ್ಲೇ ಮನೆ ಕಟ್ಕೊಂಡಿರೋ ನಾಲ್ಕು ಕುಟುಂಬ, ಹೀಗೆ ಮಧ್ಯ ಮಧ್ಯ ತೂತು ಬೀಳುತ್ತೆ. ಒಬ್ಬನ ಜಮೀನು ಬಿಟ್ರಿ ಅಂದ್ರೆ ಪಕ್ಕದವನು ಕೇಳೇ ಕೇಳ್ತಾನೆ, ಅವನದನ್ನ ಬಿಟ್ಟು ನನ್ನದನ್ನ ಯಾಕೆ ತಗೋತೀರಿ ಅಂತ. ಕೇಳೋದು ನ್ಯಾಯವೇ. ಅರ್ಕಾವತಿ ಲೇಔಟ್ ವಿಷಯದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟೂ ಹೆಚ್ಚು ಕಮ್ಮಿ ಇದೇ ಮಾತು ಹೇಳಿತು, ಬಿಟ್ಟ ಜಮೀನಿನ ಥರಾನೇ ಇರೋ ಜಮೀನಿನವರೂ ನಮ್ಮದನ್ನೂ ಬಿಡಿ ಅಂತ ಅರ್ಜಿ ಹಾಕ್ಕೋಬಹುದು ಅಂತ. 2004ರಲ್ಲಿ 16 ಹಳ್ಳಿಗಳ 2,750 ಎಕರೆಗೆ ಫೈನಲ್ ನೋಟಿಫಿಕೇಶನ್ ಆಗಿದ್ದ ಲೇಔಟ್ ಅದು, ಆಮೇಲೆ ಡಿನೋಟಿಫಿಕೇಶನ್, ಅಂದ್ರೆ ನೋಟಿಫೈ ಆದ ಜಮೀನನ್ನ ಪಟ್ಟಿಯಿಂದ ಕೈಬಿಡೋದರ ಗಲಾಟೆ ಎಷ್ಟಾಯ್ತು ಅಂದ್ರೆ 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ ನೇಮಿಸಬೇಕಾಗಿ ಬಂತು. ಕರ್ನಾಟಕದಲ್ಲಿ ಡಿನೋಟಿಫಿಕೇಶನ್ ಅನ್ನೋ ಶಬ್ದ ಗೊತ್ತಿಲ್ದೇ ಇರೋ ಟೀವಿ ನೋಡುಗರೇ ಇಲ್ಲ ಅಷ್ಟರಮಟ್ಟಿಗೆ ಅದು ರಾಜಕೀಯ ಆಯ್ತು, ಆದ್ರೆ ನೆಲದ ಮೇಲೆ ಅದು ಏನು ಮಾಡುತ್ತೆ ಅಂತ ಯಾರೂ ತೋರಿಸ್ಲಿಲ್ಲ. ಅದಕ್ಕೇ ಆಮೇಲೆ ಬರ್ತೀನಿ.

ರೈತನಿಗೆ ಏನು ಸಿಗುತ್ತೆ ಅನ್ನೋದು ಮೊದಲು ನೋಡಬೇಕು, ಯಾಕಂದ್ರೆ ಅವನು ಒಪ್ತಾನೋ ಕೋರ್ಟಿಗೆ ಹೋಗ್ತಾನೋ ಅನ್ನೋದು ಅದರ ಮೇಲೇ ನಿಂತಿರೋದು. ಇತ್ತೀಚಿನ ಲೇಔಟುಗಳಲ್ಲಿ ಎರಡು ದಾರಿ ಇದೆ, ಒಂದು ದುಡ್ಡು, ಇನ್ನೊಂದು 60:40, ಅಂದ್ರೆ ದುಡ್ಡಿನ ಬದಲು ಸೈಟಲ್ಲಿ ಪಾಲು. ಜನ 60:40 ಅಂದ ತಕ್ಷಣ ಎಕರೆಯಲ್ಲಿ 40 ಪರ್ಸೆಂಟ್ ವಾಪಸ್ ಕೊಡ್ತಾರೆ ಅಂದ್ಕೋತಾರೆ. ಹಾಗಲ್ಲ. ಲೆಕ್ಕ ಹೀಗಿದೆ. ಒಂದು ಎಕರೆ ಅಂದ್ರೆ 40 ಗುಂಟೆ, 43,560 ಚದರಡಿ. ಇದರಲ್ಲಿ ಸೈಟ್ ಮಾಡೋಕೆ ಸಿಗೋದು 55 ಪರ್ಸೆಂಟ್ ಮಾತ್ರ, ಯಾಕಂದ್ರೆ ಬಿಡಿಎ ಕಾಯ್ದೆ ಪ್ರಕಾರ 15 ಪರ್ಸೆಂಟ್ ಪಾರ್ಕು ಮೈದಾನಕ್ಕೆ, 10 ಪರ್ಸೆಂಟ್ ಶಾಲೆ ಆಸ್ಪತ್ರೆ ಥರದ ಸಿಎ ಸೈಟಿಗೆ ಬಿಡಬೇಕು, ಉಳಿದಿದ್ದು ರೋಡಿಗೆ. 55 ಪರ್ಸೆಂಟ್ ಅಂದ್ರೆ 23,958 ಚದರಡಿ. ಅದರಲ್ಲಿ 40 ಪರ್ಸೆಂಟ್ ರೈತನಿಗೆ, ಅಂದ್ರೆ 9,583 ಚದರಡಿ. ಮೂವತ್ತು ನಲವತ್ತರ ಸೈಟಿನ ಲೆಕ್ಕದಲ್ಲಿ ಎಂಟು ಸೈಟ್, ಚೂರು ಕಮ್ಮಿ.

ಎಂಟು ಸೈಟ್ ಅಂದ್ರೆ ಕೋಟಿಗಟ್ಟಲೆ ಅಂತ ಹೊರಗಿನವರಿಗೆ ಅನ್ಸುತ್ತೆ. ಒಂದು ಸಲ ಆ ಮನೆ ಒಳಗೆ ಹೋಗಿ ನೋಡಿ. ಎಕರೆ ಇರೋದು ತಾತನ ಹೆಸರಲ್ಲಿ, ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇದೆ, ತಾತ ತೀರ್ಕೊಂಡು ಇಪ್ಪತ್ತು ವರ್ಷ. ಮೂರು ಜನ ಗಂಡು ಮಕ್ಕಳು, ಇಬ್ಬರು ಹೆಣ್ಣು ಮಕ್ಕಳು, ಹೆಣ್ಣು ಮಕ್ಕಳಿಗೂ ಸಮ ಪಾಲಿದೆ, ಅವರು ಸಹಿ ಹಾಕದೆ ಏನೂ ಮುಂದಕ್ಕೆ ಹೋಗಲ್ಲ. ಬಾಯಿ ಮಾತಿನ ಭಾಗ ಎಂದೋ ಆಗಿದೆ, ಸರ್ವೆ ಮಾಡಿಸಿ ದಾಖಲೆಯಲ್ಲಿ ಬೇರೆ ಮಾಡೋ ಫೋಡಿ ಆಗಿಲ್ಲ. ದೊಡ್ಡವನು ಅರ್ಧ ಎಕರೆ ರಾಗಿ ಹಾಕಿದ್ದಾನೆ, ಚಿಕ್ಕವನು ಎರಡು ಹಸು ಕಟ್ಕೊಂಡು ಡೈರಿಗೆ ಹಾಲು ಹಾಕ್ತಿದ್ದಾನೆ. ನೋಟಿಫಿಕೇಶನ್ ಬಂದ ದಿನದಿಂದ ಆ ಜಮೀನನ್ನ ಮಾರೋ ಹಾಗಿಲ್ಲ, ಬ್ಯಾಂಕ್ ಸಾಲ ಕೊಡಲ್ಲ, ಸೈಟ್ ಯಾವಾಗ ಬರುತ್ತೆ ಅಂತ ಯಾರೂ ಹೇಳಲ್ಲ. ಹಸುವಿಗೆ ಮೇವು ಇವತ್ತೇ ಬೇಕು, ಎಂಟು ಸೈಟ್ ಹತ್ತು ವರ್ಷದ ನಂತರದ ಮಾತು. ಇಂಥ ಕುಟುಂಬ ಕೋರ್ಟಿಗೆ ಹೋದ್ರೆ ಅವರನ್ನ ಅಭಿವೃದ್ಧಿಗೆ ಅಡ್ಡಗಾಲು ಅಂತ ಕರೆಯೋದು ನನಗಂತೂ ಒಪ್ಪಿಗೆ ಇಲ್ಲ.

ಇಲ್ಲೇ ಇನ್ನೊಂದು ಗಂಟಿದೆ. ಬಿಡಿಎಗೆ ಲೇಔಟ್ ಮಾಡೋ ದುಡ್ಡು ಬಹುಪಾಲು ಬರೋದು ಸೈಟ್ ಹಂಚಿಕೆಯಿಂದ, ಕಾರ್ನರ್ ಸೈಟ್ ಹರಾಜಿಂದ. ಹಾಗಾಗಿ ರೋಡು ಪೈಪು ಎಲ್ಲಾ ಮುಗಿಸಿ ಆಮೇಲೆ ಸೈಟ್ ಕೊಡ್ತೀನಿ ಅನ್ನೋಕೆ ಕೈಯಲ್ಲಿ ಕಾಸಿಲ್ಲ, ಮೊದಲು ಸೈಟ್ ಕೊಟ್ಟು ದುಡ್ಡು ತಗೊಂಡು ಅದರಲ್ಲಿ ಕೆಲಸ ಮಾಡಿಸಬೇಕು. ಅಂದ್ರೆ ಮಧ್ಯಮ ವರ್ಗದ ಜನ ಮುಂಚೆನೇ ದುಡ್ಡು ಕೊಟ್ಟು ಕಾಯ್ತಾರೆ, ರೈತ ಮುಂಚೆನೇ ಜಮೀನು ಕೊಟ್ಟು ಕಾಯ್ತಾನೆ. ಸೈಟ್ ಸಿಕ್ಕವನ ಸ್ಥಿತಿ ನೋಡಿ, ಬ್ಯಾಂಕ್ ಸಾಲದ ಇಎಂಐ ಒಂದು ಕಡೆ, ಈಗಿರೋ ಮನೆ ಬಾಡಿಗೆ ಇನ್ನೊಂದು ಕಡೆ. ರಿಟೈರ್ ಆದ ಮೇಲೆ ಸ್ವಂತ ಮನೇಲಿ ಇರೋಣ ಅಂತ ಪಿಎಫ್ ದುಡ್ಡು ಹಾಕಿದವರಿಗೆ ಕಾಯೋದು ಅಂದ್ರೆ ಬರೀ ಕಾಯೋದಲ್ಲ, ವಯಸ್ಸು ಹೋಗೋದು.

ಸರಿ, ಈಗ ಪೈಪಿನ ವಿಷಯಕ್ಕೆ ಬರೋಣ, ನನ್ನ ಪ್ರಕಾರ ಇಡೀ ಕಥೆಯ ಹೊಟ್ಟೆ ಇರೋದೇ ಇಲ್ಲಿ.

ಒಂದು ಲೇಔಟಿಗೆ ಬೇಕಾಗಿರೋ ಸೌಲಭ್ಯಗಳಲ್ಲಿ ಕರೆಂಟು ಎಲ್ಲಕ್ಕಿಂತ ಸುಲಭ. ಮಧ್ಯ ಒಂದು ಎಕರೆಗೆ ಸ್ಟೇ ಇದ್ಯಾ, ಕೇಬಲ್ ಸುತ್ತಾಕ್ಕೊಂಡು ಹೋಗುತ್ತೆ. ಕುಡಿಯೋ ನೀರಿನ ಪೈಪು ಕೂಡ ಹಾಗೇ, ಒಳಗೆ ಪ್ರೆಶರ್ ಇರುತ್ತೆ, ಏರು ಹತ್ತುತ್ತೆ, ತಿರುವು ತಗೊಳ್ಳುತ್ತೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಮೇಲಕ್ಕೆ ಹತ್ತಿ ಬೆಂಗಳೂರಿಗೆ ಬರೋದೇ ಪಂಪಿನ ಬಲದಿಂದ. ಖರ್ಚು ಜಾಸ್ತಿ, ಆದ್ರೆ ಆಗದೇ ಇರೋ ಕೆಲಸ ಅಲ್ಲ.

ಯುಜಿಡಿ, ಅಂದ್ರೆ ನೆಲದಡಿಯ ಒಳಚರಂಡಿ, ಹಾಗಲ್ಲ. ಮನೆಯಿಂದ ಹೊರಗೆ ಹೋಗೋ ಕೊಳಚೆ ನೀರು ತನ್ನ ಭಾರದಿಂದಲೇ ಹರಿದು ಹೋಗಬೇಕು, ಅದಕ್ಕೆ ಇಳಿಜಾರು ಬೇಕೇ ಬೇಕು. 200 ಎಂಎಂ ಪೈಪಿಗೆ ಅಂದಾಜು 250 ಮೀಟರಿಗೆ ಒಂದು ಮೀಟರ್ ಇಳಿಜಾರು ಕೊಡ್ತಾರೆ, ಅದಕ್ಕಿಂತ ಕಮ್ಮಿ ಕೊಟ್ರೆ ನೀರು ನಿಧಾನವಾಗಿ ಗಲೀಜು ತಳದಲ್ಲಿ ಕೂತ್ಕೊಂಡು ಪೈಪು ಕಟ್ಕೊಳ್ಳುತ್ತೆ. ಸಮತಟ್ಟಾದ ಜಾಗದಲ್ಲಿ ಒಂದು ಮೀಟರ್ ಆಳದಲ್ಲಿ ಶುರು ಮಾಡಿದ ಪೈಪು ಒಂದು ಕಿಲೋಮೀಟರ್ ಹೋಗೋಷ್ಟರಲ್ಲಿ ಐದು ಮೀಟರ್ ಆಳಕ್ಕೆ ಇಳಿದಿರುತ್ತೆ. ಈಗ ಆ ದಾರಿಯ ಮಧ್ಯೆ ಸ್ಟೇ ಇರೋ ಒಂದು ಜಮೀನು ಬಂತು ಅಂದ್ಕೊಳ್ಳಿ. ಸುತ್ತಿ ಹೋಗೋಣ ಅಂದ್ರೆ ಇನ್ನೊಂದು ಅರ್ಧ ಕಿಲೋಮೀಟರ್ ಜಾಸ್ತಿ, ಅಂದ್ರೆ ಇನ್ನೂ ಎರಡು ಮೀಟರ್ ಆಳ. ಬೆಂಗಳೂರಿನ ನೆಲದಲ್ಲಿ ಅಷ್ಟು ಆಳಕ್ಕೆ ಹೋದ್ರೆ ಕೆಲವು ಕಡೆ ಬಂಡೆ ಸಿಗುತ್ತೆ. ಮೇಲಾಗಿ ಕೊನೆಯಲ್ಲಿ ಎಸ್‌ಟಿಪಿಗೆ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕಕ್ಕೆ, ಸೇರೋ ಜಾಗದಲ್ಲಿ ಟ್ರಂಕ್ ಲೈನ್, ಅಂದ್ರೆ ಎಲ್ಲಾ ಪೈಪು ಸೇರೋ ದೊಡ್ಡ ಪೈಪು, ಎಷ್ಟು ಆಳದಲ್ಲಿದೆಯೋ ಅದಕ್ಕಿಂತ ಕೆಳಗೆ ನೀವು ಬರೋ ಹಾಗಿಲ್ಲ. ಹಾಗಾಗಿ ಕೆಲಸ ನಿಲ್ಲುತ್ತೆ.

ಇಂಥ ಜಾಗದಲ್ಲಿ ನಿಂತು ನೋಡಿದ್ರೆ ಎಲ್ಲಾ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಡಾಂಬರು ಹಾಕಿರೋ ಅಗಲವಾದ ರೋಡು ಬರ್ತಾ ಬರ್ತಾ ಒಂದು ತಂತಿ ಬೇಲಿ ಮುಂದೆ ಥಟ್ ಅಂತ ನಿಂತುಬಿಡುತ್ತೆ. ಈಚೆ ಕಡೆ ಕೊನೇ ಮ್ಯಾನ್‌ಹೋಲು, ಒಳಗೆ ಬಗ್ಗಿ ನೋಡಿದ್ರೆ ಹೊರಕ್ಕೆ ಹೋಗೋ ಪೈಪಿನ ಬಾಯಿಗೆ ಇಟ್ಟಿಗೆ ಇಟ್ಟು ಸಿಮೆಂಟ್ ಮೆತ್ತಿರ್ತಾರೆ. ಬೇಲಿ ಆಚೆ ರಾಗಿ ಹೊಲ, ಅವರೆ ಸಾಲು, ಅದರ ಆಚೆ ಮತ್ತೆ ಅದೇ ಅಗಲದ ರೋಡು, ಅದೇ ಮಟ್ಟದ ಮ್ಯಾನ್‌ಹೋಲು. ಈಚೆ ಬ್ಲಾಕಿನ ನೂರಾರು ಸೈಟುಗಳ ಭವಿಷ್ಯ ಆ ಒಂದು ಹೊಲದ ಕೇಸಿನ ಡೇಟ್ ಮೇಲೆ ನಿಂತಿದೆ. ಕೆಂಪೇಗೌಡ ಲೇಔಟಿನ ಬೆನ್ನೆಲುಬು ಅಂತ ಹೇಳೋ ಮುಖ್ಯ ರಸ್ತೆ, ಮೈಸೂರು ರಸ್ತೆ ಮಾಗಡಿ ರಸ್ತೆ ಸೇರಿಸೋ 100 ಮೀಟರ್ ಅಗಲದ 10 ಕಿಲೋಮೀಟರಿಗಿಂತ ಚೂರು ಜಾಸ್ತಿ ಉದ್ದದ ರೋಡು, ಅದೂ ಕೂಡ ವರ್ಷಗಟ್ಟಲೆ ಇಂಥ ತುಂಡುಗಳಲ್ಲೇ ಸಿಕ್ಕಿಹಾಕ್ಕೊಂಡಿತ್ತು. ಶೇಕಡ ತೊಂಬತ್ತು ಮುಗಿದಿದೆ ಅಂತ ಪೇಪರಲ್ಲಿ ಬಂದ್ರೆ ಜನ ಖುಷಿ ಪಡ್ತಾರೆ, ಆದ್ರೆ ರೋಡಿಗೂ ಯುಜಿಡಿಗೂ ತೊಂಬತ್ತು ಪರ್ಸೆಂಟ್ ಅನ್ನೋದಕ್ಕೆ ಅರ್ಥವೇ ಇಲ್ಲ, ಮಧ್ಯದ ಹತ್ತು ಪರ್ಸೆಂಟ್ ಸೇರೋ ತನಕ ಅದು ಎಲ್ಲಿಗೂ ಹೋಗಲ್ಲ.

ಇನ್ನು ಕೆರೆ ಮತ್ತು ಮಳೆನೀರು ಹರಿಯೋ ರಾಜಕಾಲುವೆ. ಈ ಭಾಗದಲ್ಲಿ ಕೊಮ್ಮಘಟ್ಟ, ಸೂಲಿಕೆರೆ, ಭೀಮನಕುಪ್ಪೆ ಕಡೆ ಎಲ್ಲಾ ಹಳೇ ಕೆರೆಗಳಿವೆ, ಒಂದರ ಕೋಡಿ ನೀರು ಮುಂದಿನದಕ್ಕೆ ಹೋಗೋ ಹಾಗೆ ಹಿರಿಯರು ಕಟ್ಟಿದ್ದು, ನೀರೆಲ್ಲ ಕೊನೆಗೆ ಅರ್ಕಾವತಿ ಕಡೆಗೆ ಹರಿಯುತ್ತೆ. ಲೇಔಟ್ ಪ್ಲಾನಲ್ಲಿ ಇದು ನೀಲಿ ಗೆರೆ ಅಷ್ಟೇ, ನೆಲದ ಮೇಲೆ ಕಾಲುವೆ ಬೇಸಿಗೇಲಿ ಒಣಗಿ ಎತ್ತಿನ ಗಾಡಿ ದಾರಿ ಥರ ಕಾಣುತ್ತೆ. ಪ್ಲಾನ್ ನಿಯಮದಲ್ಲಿ ಕೆರೆಗೆ 30 ಮೀಟರ್, ದೊಡ್ಡ ರಾಜಕಾಲುವೆಗೆ 50, ಅದಕ್ಕಿಂತ ಚಿಕ್ಕದಕ್ಕೆ 25, ಇನ್ನೂ ಚಿಕ್ಕದಕ್ಕೆ 15 ಮೀಟರ್ ಬಫರ್, ಅಂದ್ರೆ ಏನೂ ಕಟ್ಟದೆ ಬಿಡಬೇಕಾದ ಜಾಗ, ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆ ಬಫರನ್ನ 75 ಮೀಟರಿಗೆ ಏರಿಸ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೆಗೆದು ಹಾಕ್ತು. ಮಧ್ಯದ ಮೂರು ವರ್ಷ ಕೆರೆ ಪಕ್ಕದಲ್ಲಿ ಸೈಟ್ ಇದ್ದವರ ಪಾಡು ಏನು ಅಂತ ಯೋಚನೆ ಮಾಡಿ, ಕಟ್ಟಬಹುದೋ ಇಲ್ವೋ ಅಂತ ಗೊತ್ತೇ ಇಲ್ಲ. ನನಗೆ ಬಫರ್ ಜಾಸ್ತಿನೇ ಇರಬೇಕು ಅನ್ಸುತ್ತೆ, ಬೆಂಗಳೂರು ಪ್ರತಿ ಮಳೆಗಾಲದಲ್ಲೂ ಪಾಠ ಹೇಳ್ಸಿಕೊಳ್ತಾ ಇದೆ. ಆದ್ರೆ ಅದನ್ನ ಸೈಟ್ ಮಾಡೋ ಮುಂಚೆ ತೀರ್ಮಾನ ಮಾಡಬೇಕು, ಹಂಚಿದ ಮೇಲಲ್ಲ.

ಈಗ ಮೊದಲು ಹೇಳಿದ ಆ ಪಕ್ಕದ ರೆವಿನ್ಯೂ ಲೇಔಟ್ ಯಾಕೆ ಬೇಗ ತುಂಬ್ತು ಅನ್ನೋದು ಅರ್ಥ ಆಗುತ್ತೆ. ಅಲ್ಲಿ ಯಾರೋ ಎರಡು ಎಕರೆ ತಗೊಂಡು, ಕೃಷಿ ಜಮೀನನ್ನ ಮನೆ ಕಟ್ಟೋಕೆ ಬದಲಾಯಿಸೋ ಸರಿಯಾದ ಕನ್ವರ್ಷನ್ ಇಲ್ದೆ, ಪ್ಲಾನಿಂಗ್ ಅಪ್ರೂವಲ್ ಇಲ್ದೆ, ಇಪ್ಪತ್ತಡಿ ರೋಡು ಬಿಟ್ಟು ಸುಣ್ಣದ ಗೆರೆ ಎಳೆದು ಸೈಟ್ ಮಾರಿದ್ದಾರೆ. ಪಾರ್ಕಿಲ್ಲ, ಸಿಎ ಸೈಟಿಲ್ಲ. ಆದ್ರೆ ಅಲ್ಲಿನ ಮನೆಗೆ ಪಕ್ಕದವರ ಪೈಪು ಸೇರಲಿ ಅಂತ ಕಾಯೋ ಅವಶ್ಯಕತೆ ಇಲ್ಲ. ಒಂದು ಬೋರ್‌ವೆಲ್, ಒಂದು ಸಂಪು, ಮನೆ ಮುಂದೆ ಒಂದು ಪಿಟ್, ಕಂಬದಿಂದ ಕರೆಂಟು, ಆಯ್ತು. ಪ್ರತಿ ಮನೆನೂ ತನ್ನ ಪಾಡಿಗೆ ತಾನು ನಡೆಯುತ್ತೆ. ಬೆಲೆ ಕಮ್ಮಿ, ಆಟೋ ಓಡಿಸೋರು, ಗಾರ್ಮೆಂಟ್ಸಲ್ಲಿ ಕೆಲಸ ಮಾಡೋರು, ಹಳ್ಳಿಯಲ್ಲಿ ಅರ್ಧ ಎಕರೆ ಮಾರಿ ಬಂದವರು ತಗೊಳ್ಳೋಕಾಗೋದು ಇದನ್ನೇ. ಅವರನ್ನ ಅಕ್ರಮ ಅನ್ನೋದು ಸುಲಭ, ಅವರಿಗೆ ಬೇರೆ ದಾರಿ ಯಾರು ಕೊಟ್ಟಿದ್ರು?

ಅದರ ಬೆಲೆ ಆಮೇಲೆ ತೆರಬೇಕಾಗುತ್ತೆ. ಸುತ್ತ ಎಲ್ಲರೂ ಬೋರ್ ಕೊರೆದ್ರೆ ಕೆಲವೇ ವರ್ಷದಲ್ಲಿ ಬೋರ್ ಒಣಗುತ್ತೆ, ಪಿಟ್ ತುಂಬಿ ಚರಂಡಿಗೆ ಹೋಗುತ್ತೆ, ಚರಂಡಿ ಕೆರೆಗೆ. 2007ರಲ್ಲಿ ಬಿಬಿಎಂಪಿಗೆ ಸೇರಿಸಿದ ಹೊರವಲಯದ 110 ಹಳ್ಳಿಗಳ ಕಥೆ ಇದೇ ಆಯ್ತು, ಮೊದಲು ಮನೆ ಬಂತು, ಆಮೇಲೆ ಟ್ಯಾಂಕರ್ ಬಂತು, ದಿನಕ್ಕೆ 775 ಎಂಎಲ್‌ಡಿ, ಅಂದ್ರೆ 77.5 ಕೋಟಿ ಲೀಟರ್ ನೀರು ತರೋ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಲ್ಲಿ. ಹದಿನೇಳು ವರ್ಷ. ಅಷ್ಟರಲ್ಲಿ ಕಟ್ಟಿ ಮುಗಿದಿದ್ದ ಬೀದಿಗಳನ್ನ ಮತ್ತೆ ಅಗೆದು ಪೈಪು ಹಾಕಬೇಕಾಯ್ತು.

ಖಾತಾ ವಿಷಯ ಕೇಳ್ದೇ ಇರಲ್ಲ ಅಂತ ಗೊತ್ತು, ಚಿಕ್ಕದಾಗಿ ಹೇಳ್ತೀನಿ. ಖಾತಾ ಅಂದ್ರೆ ತೆರಿಗೆ ಲೆಕ್ಕದ ದಾಖಲೆ, ಅದೇ ಮಾಲೀಕತ್ವದ ಪತ್ರ ಅಲ್ಲ. ಅಪ್ರೂವ್ ಆದ ಲೇಔಟಲ್ಲಿದ್ರೆ ಎ ಖಾತಾ, ಇಲ್ದಿದ್ರೆ ಬಿ ಖಾತಾ, ಪಂಚಾಯ್ತಿ ವ್ಯಾಪ್ತಿಯಲ್ಲಿ ಬೇರೆ ಫಾರಂಗಳು. ಬಿಡಿಎ ಸೈಟಿನವರಿಗೆ ಬೇರೆ ಥರದ ಕಟ್ಟು, ಅವರಿಗೆ ಮೊದಲು ಸಿಗೋದು ಲೀಸ್ ಕಮ್ ಸೇಲ್ ಕರಾರು, ಅಂದ್ರೆ ಮೊದಲು ಗುತ್ತಿಗೆ, ಆಮೇಲೆ ಮಾರಾಟ, ತಕ್ಷಣ ಮಾರೋ ಹಾಗಿಲ್ಲ.

ಹಾಗಂತ ಏನೂ ಬದಲಾಗ್ತಿಲ್ಲ ಅಂತ ಅಲ್ಲ. 2023ರ ಅಕ್ಟೋಬರಲ್ಲಿ ನೇರಳೆ ಮಾರ್ಗದ ಮೆಟ್ರೋ ಕೆಂಗೇರಿಯಿಂದ ಚಲ್ಲಘಟ್ಟದ ತನಕ ಬಂತು, ಲೇಔಟಿನ ಬಾಗಿಲಿಗೇ ಬಂದ ಹಾಗೆ. ಹಳ್ಳಿಗಳೂ ಹೋಗಲ್ಲ, ಗ್ರಾಮಠಾಣಾ ಅಂತ ಊರಿನ ಮನೆಗಳಿರೋ ಭಾಗವನ್ನ ಹಾಗೇ ಬಿಡ್ತಾರೆ, ಎಚ್‌ಎಸ್‌ಆರ್ ಲೇಔಟ್ ಮಧ್ಯೆ ಅಗರ ಇನ್ನೂ ಅಗರವಾಗೇ ಇರೋ ಹಾಗೆ ಕೊಮ್ಮಘಟ್ಟವೂ ಕೊಮ್ಮಘಟ್ಟವಾಗೇ ಇರುತ್ತೆ, ಅದೇ ದೇವಸ್ಥಾನ, ಅದೇ ಅರಳಿಕಟ್ಟೆ, ಸುತ್ತ ಮಾತ್ರ ನಂಬರ್ ಹಾಕಿದ ಕ್ರಾಸು ಮೇನು. ನನ್ನ ಮಟ್ಟಿಗೆ ಹೊಸ ಬಡಾವಣೆಗೆ ಮೊದಲ ಅಂಗಡಿ, ಮೊದಲ ಹಾಲು, ಮೊದಲ ಗಾರೆ ಮೇಸ್ತ್ರಿ ಸಿಗೋದು ಆ ಹಳ್ಳಿಯಿಂದಲೇ, ಹಾಗಿದ್ರೂ ಯುಜಿಡಿ ಪ್ಲಾನಲ್ಲಿ ಹಳ್ಳಿಯನ್ನ ಬಿಟ್ಟುಬಿಡೋದು ತಪ್ಪು. ಹಳ್ಳಿ ಮನೆಯ ಕೊಳಚೆ ಲೇಔಟಿನ ಮಳೆನೀರಿನ ಚರಂಡಿಗೆ ಬಿದ್ರೆ ಅನುಭವಿಸೋದು ಇಬ್ಬರೂ.

ಮಾಡಬಹುದಾಗಿದ್ದು ಏನು ಅಂದ್ರೆ, ಇಡೀ ನಾಲ್ಕು ಸಾವಿರ ಎಕರೆಗೆ ಒಟ್ಟಿಗೆ ಗೆರೆ ಎಳೆದು ಒಂಬತ್ತೂ ಬ್ಲಾಕಲ್ಲಿ ಅಲ್ಲಲ್ಲಿ ಸೈಟ್ ಹಂಚೋ ಬದಲು, ಮೊದಲು ಟ್ರಂಕ್ ಲೈನು ಮತ್ತು ಮುಖ್ಯ ರಸ್ತೆ ಹೋಗೋ ಪಟ್ಟಿಯನ್ನ ಮಾತ್ರ ಒಳ್ಳೆ ಬೆಲೆ ಕೊಟ್ಟು ಕೈಗೆ ತಗೊಳ್ಳೋದು, ಆಮೇಲೆ ತಗ್ಗಿನ ಕಡೆಯ ಬ್ಲಾಕಿಂದ ಶುರು ಮಾಡಿ ಮೇಲಕ್ಕೆ ಬರೋದು. ತಗ್ಗಿನ ಬ್ಲಾಕು ಮುಗಿದಿದ್ರೆ ಮೇಲಿನದಕ್ಕೆ ನೀರು ಹೋಗೋಕೆ ದಾರಿ ಇರುತ್ತೆ, ಉಲ್ಟಾ ಮಾಡಿದ್ರೆ ಇರಲ್ಲ. ಜಮೀನು ಎಲ್ಲಿ ಬೇಗ ಸಿಕ್ತೋ ಅಲ್ಲಿ ಸೈಟ್ ಮಾಡೋದು ಲೆಕ್ಕ ತೋರಿಸೋಕೆ ಚೆನ್ನಾಗಿರುತ್ತೆ, ಮನೆ ಕಟ್ಟೋಕಲ್ಲ.

ಯಾರಾದ್ರೂ ಈಗ ಊರಂಚಲ್ಲಿ ಸೈಟ್ ನೋಡ್ತಿದ್ರೆ, ಸರ್ಕಾರಿಯೋ ಖಾಸಗಿಯೋ, ಬರೀ ಎದುರಿನ ರೋಡು ನೋಡಿ ಬರಬೇಡಿ. ಆ ಬ್ಲಾಕಿನ ಯುಜಿಡಿ ಕೊನೆಗೆ ಎಲ್ಲಿಗೆ ಸೇರುತ್ತೆ, ಎಸ್‌ಟಿಪಿ ಕೆಲಸ ಮಾಡ್ತಿದ್ಯಾ, ನಡುವೆ ಕೇಸಿರೋ ಸರ್ವೆ ನಂಬರ್ ಯಾವುದಿದೆ ಅಂತ ಕೇಳಿ. ಹಳೇ ಗ್ರಾಮ ನಕ್ಷೆ ತೆಗೆಸಿ ಅದರಲ್ಲಿ ಕಾಲುವೆ, ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲಿದೆ ಅಂತ ಸೈಟಿನ ಜೊತೆ ಹೋಲಿಸಿ. ಖಾಸಗಿ ಲೇಔಟಾದ್ರೆ ಕೆಲಸ ಆದ ಹಾಗೆ ಹಂತ ಹಂತವಾಗಿ ಸೈಟ್ ರಿಲೀಸ್ ಆರ್ಡರ್ ಬರುತ್ತೆ, ನಿಮ್ಮ ಸೈಟ್ ನಂಬರ್ ಆ ಆರ್ಡರಲ್ಲಿ ಇದ್ಯಾ ನೋಡಿ, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ರೇರಾ ನಂಬರ್ ಕೇಳಿ. ಆಮೇಲೆ ಜೋರು ಮಳೆ ಬಂದ ಮಾರನೇ ದಿನ ಬೆಳಿಗ್ಗೆ ಒಂದು ಸಲ ಹೋಗಿ ಬನ್ನಿ, ನೀರು ಎಲ್ಲಿಂದ ಬಂದು ಎಲ್ಲಿ ನಿಂತಿದೆ ಅಂತ ಅಲ್ಲಿ ದನ ಮೇಯಿಸೋರನ್ನ ಕೇಳಿದ್ರೆ ಯಾವ ಪ್ಲಾನಲ್ಲೂ ಇಲ್ಲದ ವಿಷಯ ಹೇಳ್ತಾರೆ.